ಬಲದವಗೆ ದಾರಿ

೧೪ ಅಕ್ಟೋಬರ್ ೧೯೭೯, ಭಾನುವಾರ

ಮಳೆ ನಿಂತಿದೆ. ಕೆರೆ ನಿಂತಿಲ್ಲ, ನಡೆದು ಬಂದು ನನ್ನ ತೋಟದೊಳಗೆ ಕೂತಿದೆ.

"ತೋಟ ನೋಡೋಕೆ ಹೋಗ್ಬೇಡಿ, ಹೋದ್ರೆ ಈಜ್ಕೊಂಡು ಬರ್ಬೇಕಾಯ್ತದೆ" ಅಂದಳು ರಂಗಮ್ಮ, ಕಾಫಿ ಕೊಡುತ್ತಾ. ನನಗೆ ಈಜು ಬಾರದೆಂಬುದು ಮದುವೆಯಾದಾಗಿನಿಂದ ಅವಳಿಗೆ ಗೊತ್ತು. ಆದರೂ ಹೋದೆ.

ಹುಟ್ಟಿದಾಗಿನಿಂದ ಈ ಕೆರೆಯಲ್ಲಿ ನಾನು ನೋಡಿರುವುದು ಹೆಚ್ಚಾಗಿ ಮಣ್ಣನ್ನೇ. ಇವತ್ತು ದಡದಲ್ಲಿ ನಿಂತು ನೋಡಿದೆ. ತೆಂಗಿನ ಸಾಲುಗಳು ಸೀದಾ ನೀರಿಗೆ ಇಳಿದುಹೋಗಿವೆ. ಪ್ರತಿ ಮರದ ಬುಡಕ್ಕೂ ಒಂದು ತಲೆಕೆಳಗಾದ ಮರ. ಗಾಳಿ ಬಂದಾಗ ಎರಡೂ ಗರಿ ಆಡಿಸಿದವು. ಮೇಲಿನದು ಸದ್ದು ಮಾಡಿತು, ಕೆಳಗಿನದು ಮಾಡಲಿಲ್ಲ. ನನ್ನ ಬಾವಿ ಎಲ್ಲಿತ್ತೆಂದು ಹುಡುಕಿದೆ. ಸಿಗಲಿಲ್ಲ. ಬಾವಿಯೇ ನೀರಿನಲ್ಲಿ ಮುಳುಗಿದ ಮೇಲೆ ಅದನ್ನು ಬಾವಿ ಅನ್ನಬೇಕೋ ಬೇಡವೋ, ಬಿ.ಎ.ಯಲ್ಲಿ ಹೇಳಿಕೊಟ್ಟಿಲ್ಲ.

ಆಚೆಹಟ್ಟಿ ದ್ವೀಪವಾಗಿದೆ. ಏರಿ ಮೇಲಿನ ದಾರಿಯನ್ನು ಕೋಡಿ ಕಿತ್ತುಕೊಂಡು ಹೋಯಿತು. ಆಚೆಯವರು ಈಚೆ ಬಂದು ತಿಪಟೂರು ಬಸ್ಸು ಹಿಡಿಯಬೇಕಾದರೆ ಇನ್ನುಳಿದದ್ದು ನನ್ನ ತೋಟದ ನಡುವಿನ ಬಂಡಿದಾರಿ, ಅದೂ ಈಗ ಆಳುದ್ದ ನೀರಿನಡಿ. ಹಾಗೆ ನೋಡಿದರೆ ಮೂರು ವರ್ಷದಿಂದ ಅದು ದಾರಿಯಲ್ಲ, ಕೇಸು. ನನ್ನ ತೋಟದ ಹಿಂದಿನದು ಅಣ್ಣ ದೊಡ್ಡತಿಮ್ಮಯ್ಯನದು. ಅವನ ಬಂಡಿ ನನ್ನ ಒಂದು ತೆಂಗಿನ ಸಸಿ ತುಳಿಯಿತು. ಕೇಳಿದ್ದಕ್ಕೆ "ಸಸಿ ತಾನೇ" ಅಂದ. ಎರಡು ತೋಟದ ನಡುವೆ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಎಳೆಸಿದೆ, ದಾರಿಯ ಬಾಯಿಗೆ ಜಾಲಿಮುಳ್ಳು ಜಡಿಸಿದೆ. ಅವನು ಕೋರ್ಟಿಗೆ ಹೋದ. 'ಸದರಿ ಜಾಗದಲ್ಲಿ ಯಾವ ಕಾಲಕ್ಕೂ ದಾರಿ ಇರಲಿಲ್ಲ' ಎಂದು ನಾನು ಬರೆದುಕೊಟ್ಟಿದ್ದೇನೆ. ನವೆಂಬರ್ ಹದಿಮೂರಕ್ಕೆ ತಾರೀಖು.

ಅಣ್ಣನಿಗೆ ಹಟ, ತಮ್ಮನಿಗೆ ಹಟ,
ವಕೀಲರ ಮನೆಯಲಿ ಹಬ್ಬದ ಊಟ.

೧೬ ಅಕ್ಟೋಬರ್, ಮಂಗಳವಾರ

ತಾಸೀಲ್ದಾರರ ಕಡೆಯಿಂದ ಲಾರಿಯಲ್ಲಿ ಎರಡು ಹರಿಗೋಲು ಬಂದವು. ಜೊತೆಗೆ ಕೆಂಚಪ್ಪ, ಅವನ ಭಾವಮೈದ ಚಿಕ್ಕಣ್ಣ. ಇಬ್ಬರೂ ಕಾವೇರಿ ಕಡೆಯವರು. ಉಸ್ತುವಾರಿ ಪಂಚಾಯ್ತಿ ಸೆಕ್ರೆಟರಿಯದು, ಅಂದರೆ ನನ್ನದು.

ಹರಿಗೋಲು ಅಂದರೆ ಟಾರು ಬಳಿದ ದೊಡ್ಡ ಮಂಕರಿ. ದುಂಡಗೆ. "ಇದಕ್ಕೆ ಮುಂದು ಯಾವುದು ಕೆಂಚಪ್ಪ?" ಅಂದೆ.

"ನನ್ನ ಮಕ ಇರೋ ಕಡೆ ಮುಂದು ಕಣ್ರೀ."

"ನೀನು ಆಕಡೆ ತಿರುಗಿದರೆ?"

"ಆಗ ಅದೇ ಮುಂದು."

ಸರ್ಕಾರದಲ್ಲಿಯೂ ಹೀಗೇ.

ಮೊದಲ ಸಲ ನಾನೂ ಹತ್ತಿದೆ. ತೋಟದೊಳಗೆ ಬಂದದ್ದೇ ತಡ, ಎಲ್ಲರ ದನಿಯೂ ತಾನೇ ತಗ್ಗಿತು. ಎರಡೂ ಕಡೆ ಮರಗಳು ಕಂಬದ ಹಾಗೆ ನಿಂತಿವೆ, ನೆಲವಿಲ್ಲದ ಮಂಟಪ. ಕೈ ಚಾಚಿದರೆ ಎಳನೀರಿನ ಗೊನೆ ಸಿಗುತ್ತದೆ. ನಾನು ನೆಟ್ಟ ಮರ, ನಾನೇ ಯಾವತ್ತೂ ಆ ಎತ್ತರದಲ್ಲಿ ನೋಡಿದ್ದಿಲ್ಲ. ಒಂದು ಕಡೆ ಕೆಂಚಪ್ಪನ ಗಳ ಟಣ್ ಅಂತ ಕಲ್ಲಿಗೆ ಬಡಿಯಿತು.

"ಕೆಳಗೇನೋ ಕಲ್ಲೈತೆ ಸ್ವಾಮಿ."

"ಇರುತ್ತೆ" ಅಂದೆ.

ಜಾಲಿಮುಳ್ಳು ಪ್ರವಾಹದಲ್ಲಿ ತೇಲಿಹೋಗಿದೆ. ಬಾಯಿಯ ಎರಡೂ ಪಕ್ಕದ ಕಂಬ, ತಂತಿ ಮಾತ್ರ ನೀರೊಳಗಿವೆ. ನಾನು ಮುಚ್ಚಿದ ಬಾಯಲ್ಲೇ ಊರೆಲ್ಲಾ ತೂರಿ ಹೋಗುತ್ತಿದೆ. ಬೇರೆ ಕಡೆ ಸಸಿಯ ತುದಿಗಳು, ಹೊಂಗೆಯ ಕೊಂಬೆಗಳು, ಹರಿಗೋಲು ನುಗ್ಗದು.

೧೯ ಅಕ್ಟೋಬರ್, ಶುಕ್ರವಾರ

ಆ ಬಾಯಲ್ಲಿ ಒಂದು ಹರಿಗೋಲು ಮಾತ್ರ ಹಿಡಿಸುತ್ತದೆ. ಇವತ್ತು ಎರಡೂ ಒಟ್ಟಿಗೆ ನುಗ್ಗಿ ಡಿಕ್ಕಿಯಾಗಿ ಬುಗುರಿಯಂತೆ ಸುತ್ತಿದವು. ಒಂದರಲ್ಲಿ ಕೊಬ್ಬರಿ ಮಂಡಿ ಶಂಭುಲಿಂಗಯ್ಯ, ಇನ್ನೊಂದರಲ್ಲಿ ಹಾಲಿನ ಕ್ಯಾನು. ಹಾಲು ನೀರಾಯಿತು. ಹಾಲಿನವರು ಅದನ್ನು ದಿನವೂ ಮಾಡುತ್ತಾರೆ, ಇಷ್ಟು ಬಹಿರಂಗವಾಗಿ ಅಲ್ಲ.

'ಸೂಕ್ತ ನಿಯಮ ರಚಿಸಿ ಫಲಕ ಹಾಕತಕ್ಕದ್ದು' ಎಂದು ತಾಸೀಲ್ದಾರರ ಆಜ್ಞೆ. ತಿಪಟೂರಿಗೆ ಹೋಗಿ ಪಂಪ್‌ಸೆಟ್ ರಿಪೇರಿ ನಜೀರ್ ಅಹಮದ್‌ನ ಹಿಡಿದೆ. ಅವನು ಬೊಂಬಾಯಿಯಲ್ಲಿ ಹಡಗಿನ ಖಲಾಸಿಯಾಗಿದ್ದವನು. ಒಂದೊಂದು ಸಲ ಹೇಳಿದಾಗಲೂ ಆ ಹಡಗು ಒಂದಿಷ್ಟು ಬೆಳೆಯುತ್ತದೆ.

"ರೋಡಲ್ಲಿ ಎಡಕ್ಕೆ, ನೀರಲ್ಲಿ ಬಲಕ್ಕೆ. ಎದುರಾಎದುರು ಬಂದ್ರೆ ಇಬ್ರೂ ಬಲಕ್ಕೆ ಸರೀಬೇಕು. ಅಡ್ಡ ಬಂದ್ರೆ, ನಿಮ್ಮ ಬಲಗಡೆ ಯಾರು ಕಾಣ್ತಾರೋ ಅವರಿಗೆ ನೀವು ದಾರಿ ಬಿಡ್ಬೇಕು. ಹಿಂದಿನಿಂದ ಬಂದು ದಾಟೋನು ಪೂರಾ ದಾಟೋವರೆಗೂ ಜವಾಬ್ದಾರಿ ಅವನದೇ."

"ದೊಡ್ಡ ಹಡಗಿಗೆ ಸಣ್ಣದು ದಾರಿ ಬಿಡಬೇಕು, ಅಲ್ಲವಾ?"

ನಜೀರ್ ಸ್ಪ್ಯಾನರ್ ಕೆಳಗಿಟ್ಟ. "ಇಲ್ಲೇ ಇರೋದು ಮಜಾ ಸೆಕ್ರೆಟ್ರೀ! ಇಂಜಿನ್ ಹಡಗು ಹಾಯಿದೋಣಿಗೆ ದಾರಿ ಬಿಡ್ಬೇಕು. ಹಾಯಿದೋಣಿ ಬಲೆ ಎಳೀತಿರೋ ಬೆಸ್ತನಿಗೆ ಬಿಡ್ಬೇಕು. ಬೆಸ್ತ, ಇಂಜಿನ್ನು, ಎಲ್ಲಾರೂ ಸೇರಿ ಕೆಟ್ಟು ನಿಂತೋನಿಗೆ ಬಿಡ್ಬೇಕು. ಅವನು ಎರಡು ಕರೀ ಗುಂಡು ಕಟ್ತಾನೆ, ಒಂದರ ಕೆಳಗೊಂದು. ನನ್ನ ಹಡಗು ನನ್ನ ಮಾತು ಕೇಳ್ತಾ ಇಲ್ಲ ಅಂತ ಅರ್ಥ. ಅದನ್ನ ಕಂಡ್ರೆ ಎಂಥಾ ದೊಡ್ಡ ಹಡಗಾದ್ರೂ ಸರೀಬೇಕು."

ಚಹಾ ಆರಿಹೋಯಿತು, ಕುಡಿಯುವುದು ಮರೆತೆ. ಬಸ್ಸಿನಲ್ಲಿ ಕಿಟಕಿಯಾಚೆ ಹೊಲ ಓಡುತ್ತಿದ್ದರೂ ನನಗೆ ಕಂಡದ್ದು ನಾನು ಯಾವತ್ತೂ ನೋಡದ ಸಮುದ್ರ. ಅದರ ಮಧ್ಯೆ, ಬೈಯುವವರಿಲ್ಲದ, ಪೊಲೀಸಿಲ್ಲದ ಜಾಗದಲ್ಲಿ, ಬೆಟ್ಟದಂಥ ಹಡಗೊಂದು ಎರಡು ಗುಂಡು ನೋಡಿ ಮೆಲ್ಲಗೆ ಪಕ್ಕಕ್ಕೆ ತಿರುಗುತ್ತದೆ. ತಿರುಗಬಲ್ಲವನು ತಿರುಗಲಾರದವನಿಗೆ! ಇಂಥ ಕಾನೂನು ಮಾಡಿದವರು ಯಾರಪ್ಪ? ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲವೋ ಏನೋ.

೨೩ ಅಕ್ಟೋಬರ್, ಮಂಗಳವಾರ

ಹಬ್ಬ ಮುಗಿಯಿತು. ಫಲಕ ನೆಟ್ಟಾಯಿತು. ಪದ್ಯ ನಾನೇ ಕಟ್ಟಿ, ನಾನೇ ಬರೆದೆ, ಹಳದಿ ಮೇಲೆ ಕೆಂಪು:

ಎದುರು ಬಂದರೆ ಬಲಕ್ಕೆ ಸರಿ,
ಬಲದವಗೆ ದಾರಿ ಬಿಟ್ಟರೆ ಸರಿ.
ಹಿಂದಿಂದ ಬಂದು ದಾಟುವಾತ
ಹೊಣೆಗಾರ ತಾನೇ ದಡ ಮುಟ್ಟೋತನಕ.
ಹಿಡಿತ ತಪ್ಪಿದರೆ ಎರಡು ಕಾಯಿ,
ಎತ್ತಿದರೆ ಬಿಟ್ಟೇವು ದಾರಿಯ ಬಾಯಿ.

ಕರೀ ಗುಂಡಿಗೆ ನಮ್ಮಲ್ಲಿ ಎಲ್ಲಿ ಹೋಗುವುದು? ತೆಂಗಿನಕಾಯಿ ಸಾಕು. ಮೂರನೇ ಸಾಲಿನ ಪ್ರಾಸ ಕುಂಟುತ್ತದೆ. ನೀರಿನ ಮೇಲಿನ ಪದ್ಯ, ತುಸು ತೂಗಾಡಲಿ.

೨೪ ಅಕ್ಟೋಬರ್, ಬುಧವಾರ

ಸಾಹಿತ್ಯ ಸೋತ ದಿನ.

ಬೆಳಿಗ್ಗೆ ಆಚೆಹಟ್ಟಿ ಭೂತಮ್ಮ ಪಂಚಾಯ್ತಿ ಕಚೇರಿಗೆ ಬಂದು ಎರಡು ತೆಂಗಿನಕಾಯಿ ಮೇಜಿನ ಮೇಲಿಟ್ಟಳು.

"ಏನಮ್ಮ ಇದು?"

"ದಾರಿ ಬುಡೋಕೆ ಎರಡು ಕಾಯಿ ಅಂತ ಬೋಲ್ಡಲ್ಲಿ ಬರ್ದಿದೀರಂತಲ್ಲ ಸ್ವಾಮಿ. ಸುಲಿದೇ ತಂದಿವ್ನಿ."

ಅವಳಿಗೆ ತಿಳಿಸಿ ಹೇಳುವಷ್ಟರಲ್ಲಿ ಬಾಗಿಲ ಹೊರಗೆ ಇನ್ನೂ ನಾಲ್ಕು ಜನ, ಕೈಯಲ್ಲಿ ಕಾಯಿ.

ಮಧ್ಯಾಹ್ನದ್ದು ಇನ್ನೂ ಚೆನ್ನಾಗಿತ್ತು. ಶಂಭುಲಿಂಗಯ್ಯ ಕೊಬ್ಬರಿ ಮೂಟೆ ತುಂಬಿದ ಹರಿಗೋಲಿನಲ್ಲಿ ನಿಂತು, ಎದುರಿನವರನ್ನು ಕೈಬೀಸಿ ಸರಿಸಿಕೊಂಡು ಬಂದರು. ಯಾಕ್ರೀ ಅಂದರೆ, "ನೀವೇ ಬರ್ದಿದೀರಲ್ರೀ, ಬಲದವಗೆ ದಾರಿ ಬಿಡು ಅಂತ! ಈ ಹೋಬಳೀಲಿ ನನಗಿಂತ ಬಲ ಯಾರಿಗೈತೆ? ಚೆನ್ನಾಗಿ ಬರ್ದಿದೀರಿ ಬುಡಿ, ಇರೋದನ್ನೇ ಬರ್ದಿದೀರಿ."

ಬಲಗಡೆಯವನು ಅಂತ ನಾನು ಬರೆದೆ, ಬಲಶಾಲಿ ಅಂತ ಊರು ಓದಿತು. ಯಾರೊಬ್ಬರಿಗೂ ಅನುಮಾನವೇ ಬರಲಿಲ್ಲ. ಅದೇ ನನಗೆ ಬೆರಗು. ಸಂಜೆ ಹೋಗಿ 'ಬಲದವಗೆ' ಅಳಿಸಿ 'ಬಲಗಡೆಯವಗೆ' ಎಂದು ಬರೆದೆ. ಛಂದಸ್ಸು ಹೋಯಿತು, ಶಂಭುಲಿಂಗಯ್ಯನವರ ಸ್ನೇಹವೂ ಹೋಯಿತು.

೨೭ ಅಕ್ಟೋಬರ್, ಶನಿವಾರ

ಏರಿ ಉಳಿಸಲೆಂದು ತೂಬು ಎತ್ತಿದ್ದಾರೆ. ನೀರು ಇಳಿಯುತ್ತಿದೆ. ತೆಂಗಿನ ಬೊಡ್ಡೆಗಳ ಮೇಲೆ ಒದ್ದೆಯ ಪಟ್ಟಿ ದಿನಕ್ಕೊಂದು.

ನೀರು ಇಳಿದಷ್ಟೂ ತಂತಿ ಮೇಲೆ ಬರುತ್ತದೆ. ತಂತಿ ಅಲ್ಲಾಡುವುದಿಲ್ಲ, ಅದು ಬೇರೆ ಮಾತು. ಹರಿಗೋಲಿನ ತಳ ಬಿದಿರು, ಗೋಣಿಪಟ್ಟೆ, ಟಾರು. ವಕೀಲರನ್ನು ಕೇಳಿದೆ. "ತಾರೀಖಿನವರೆಗೆ ಬೇಲಿ ಮುಟ್ಟೀರಿ ಜೋಕೆ! ಕಿತ್ತರೆ ಅಲ್ಲಿ ದಾರಿಯಿತ್ತು ಅಂತ ನೀವೇ ಒಪ್ಪಿದ ಹಾಗೆ" ಅಂದರು. ಕಾನೂನು ಬಲ್ಲವರು. ಕೆಂಚಪ್ಪನಿಗೆ, "ನಡುಮಧ್ಯೆ ಹೋಗು, ಅತ್ತಿತ್ತ ಸರೀಬೇಡ" ಅಂದಿದ್ದೇನೆ.

"ಬೋರ್ಡಲ್ಲಿ ಬಲಕ್ಕೆ ಸರಿ ಅಂತ ಐತಲ್ಲ?" ಅಂದ.

"ಆ ಜಾಗ ಒಂದು ಬಿಟ್ಟು" ಅಂದೆ.

೩೧ ಅಕ್ಟೋಬರ್, ಬುಧವಾರ

ಅಣ್ಣ ಕಾಯಿ ಸಾಗಿಸುತ್ತಿದ್ದಾನೆ. ಹೇಗೆಂದರೆ, ನಂಬಲಾಗದು. ಬಾಳೆದಿಂಡಿನ ತೆಪ್ಪದ ಮೇಲೆ ತಾನು, ಹಿಂದೆ ತೆಂಗಿನ ಹಗ್ಗದ ಬಲೆಯೊಳಗೆ ಸುಲಿಯದ ಕಾಯಿ, ಒಂದು ಕಣದಷ್ಟು ಅಗಲ. ಕಾಯಿಗಳು ಒಂದಕ್ಕೊಂದು ತಾಗಿ ಟೊಕ್ ಟೊಕ್ ಅನ್ನುತ್ತಾ ಹಿಂಬಾಲಿಸುತ್ತವೆ, ಕುರಿಮಂದೆ ನೀರಿನ ಮೇಲೆ ನಡೆದ ಹಾಗೆ. ಅದನ್ನು ನಿಲ್ಲಿಸುವುದಾಗಲಿ ತಿರುಗಿಸುವುದಾಗಲಿ ದೇವರಿಂದಲೂ ಆಗದು. ಗಳದ ತುದಿಗೆ ಎರಡು ಕಾಯಿ ಕಟ್ಟಿಕೊಂಡಿದ್ದಾನೆ. ನನ್ನ ಪದ್ಯ ಓದಿದ್ದಾನೆ ಅಂದಹಾಗಾಯಿತು.

ದಡದಲ್ಲಿ ನಿಂತು ಬಹಳ ಹೊತ್ತು ನೋಡಿದೆ. ನನ್ನ ಕಡೆ ಅವನು ನೋಡಲಿಲ್ಲ. ಹಿಂದಿನಿಂದ ನೋಡಿದರೆ ಅಪ್ಪನದೇ ಬೆನ್ನು.

ಸಂಜೆ ಹರಿಗೋಲಿನಲ್ಲಿ ಹೋಗಿ, ಕಂಬಗಳು ಇರುವ ಅಂದಾಜಿನಲ್ಲಿ ಉದ್ದನೆಯ ಬಿದಿರು ಊರಿ ಒಣಗರಿ ಕಟ್ಟಿಸಿ ಬಂದೆ. ಬೇಲಿ ಮುಟ್ಟಲಿಲ್ಲ. ಬರೀ ಗುರುತು. ವಕೀಲರು ಗುರುತು ಬೇಡ ಅಂದಿಲ್ಲ.

೫ ನವೆಂಬರ್, ಸೋಮವಾರ

ಕಂಬಳಿ ಹೊದ್ದು ಬರೆಯುತ್ತಿದ್ದೇನೆ, ಅಕ್ಷರ ಕೋಳಿಕಾಲು.

ಆಚೆಹಟ್ಟಿಗೆ ಸೀಮೆಎಣ್ಣೆ ಹಂಚಲು ಹೊರಟಿದ್ದೆ. ಕೆಂಚಪ್ಪನ ಹರಿಗೋಲು. ಅದರಲ್ಲಿ ಭೂತಮ್ಮ, ಅವಳ ಪಕ್ಕ ತಿಪಟೂರಿಂದ ವಾಪಸಾಗುತ್ತಿದ್ದ ಅತ್ತಿಗೆ ಚಿಕ್ಕಗೌರಮ್ಮ. ಅತ್ತಿಗೆ ನನ್ನ ಮುಖ ನೋಡುವುದಿಲ್ಲ. ದುಂಡಗಿನ ದೋಣಿಯಲ್ಲಿ ಮುಖ ತಿರುಗಿಸಿ ಕೂರುವುದು ಕಷ್ಟ, ಎಲ್ಲರ ಮೊಣಕಾಲೂ ನಡುವೆ ಸೇರುತ್ತದೆ.

"ಭೂತಮ್ಮ, ಅವ್ರಿಗೇಳು. ಡಬ್ಬದ ಎಣ್ಣೆ ನನ್ನ ಸೀರೆಗೆ ತಾಗ್ತಾ ಐತೆ ಅಂತ."

"ಸ್ವಾಮಿ, ಡಬ್ಬ..."

"ಕೇಳಿಸ್ತು ಭೂತಮ್ಮ. ಆಕಡೆ ಜಾಗ ಇಲ್ಲ ಅಂತ ಹೇಳು."

"ಜಾಗ ಇಲ್ದೋರು ಮೂರೆಕ್ರೆಗೆ ಬೇಲಿ ಹಾಕವ್ರೆ ಅಂತೇಳು!"

ಭೂತಮ್ಮ ತನ್ನ ಬುಟ್ಟಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೆಂಚಪ್ಪ ಕೆಮ್ಮಿದ.

ಬಾಯಿಯ ಹತ್ತಿರ ಬಂದಾಗ ಎಡಗಡೆಯಿಂದ ಗಾಳಿ ಎದ್ದಿತು. ಅದರ ಜೊತೆಗೇ ಟೊಕ್ ಟೊಕ್ ಟೊಕ್. ಅಣ್ಣನ ತೆಪ್ಪ ಓರೆಯಾಗಿ ಬಾಯಿಯ ಕಡೆಗೇ ಬರುತ್ತಿದೆ, ಹಿಂದಿನ ಕಾಯಿಗಳೆಲ್ಲಾ ಗಾಳಿಗೆ ಮುಂದೆ ನುಗ್ಗಿ ಅವನನ್ನೇ ತಳ್ಳುತ್ತಿವೆ. ಅಣ್ಣ ಗಳ ಊರಿದ, ಕೆಸರಿನಲ್ಲಿ ಹಿಡಿತ ಸಿಗಲಿಲ್ಲ. ಮತ್ತೆ ಊರಿದ. ಆಮೇಲೆ ಗಳವನ್ನು ನೆಟ್ಟಗೆ ಎತ್ತಿ ಹಿಡಿದ. ತುದಿಯಲ್ಲಿ ಎರಡು ಕಾಯಿ, ಒಂದರ ಕೆಳಗೊಂದು.

ಮೂರು ವರ್ಷದಲ್ಲಿ ಅಣ್ಣ ನನಗೆ ಹೇಳಿದ ಮೊದಲ ಮಾತು ಅದು. ಬಾಯಿ ತೆರೆಯದೆ ಹೇಳಿದ.

"ನಾವು ಅವ್ರ ಬಲಕ್ಕಿದೀವಿ ಸ್ವಾಮಿ. ದಾರಿ ನಮ್ದು. ಜೋರಾಗಿ ಹುಟ್ಟು ಹಾಕಿದ್ರೆ ಮೊದ್ಲು ನುಗ್ಗಬೋದು. ಏನ್ಮಾಡ್ಲಿ?" ಅಂದ ಕೆಂಚಪ್ಪ.

ನುಗ್ಗಬಹುದಿತ್ತು. ನಾವು ನುಗ್ಗಿದರೆ ತೆಪ್ಪ ತಂತಿಗೆ ಹೋಗುತ್ತಿತ್ತು. ಅಣ್ಣನಿಗೂ ಈಜು ಬರುವುದಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಬರುವುದಿಲ್ಲ, ಈಜುವುದಕ್ಕೆ ನೀರೆಲ್ಲಿತ್ತು?

"ಬಿಡು" ಅಂದೆ. "ದಾರಿ ಬಿಡು ಕೆಂಚಪ್ಪ."

"ಪಕ್ಕದಲ್ಲಿ ಗರಿ ಕಟ್ಟಿರೋ ಜಾಗ ಐತೆ!"

"ಗೊತ್ತು. ಬಿಡು!"

ಕೆಂಚಪ್ಪ ಒಂದೇ ಎಳೆತಕ್ಕೆ ಬಲಕ್ಕೆ ತಿರುಗಿಸಿದ. ಕಾಯಿಯ ಮಂದೆ ನಮ್ಮ ಪಕ್ಕದಲ್ಲೇ, ಕೈಗೆಟಕುವ ದೂರದಲ್ಲಿ, ಬಾಯೊಳಗೆ ನುಗ್ಗಿತು. ಎಷ್ಟು ದೊಡ್ಡದು, ಎಷ್ಟು ಮೆಲ್ಲಗೆ! ಬಾಯಿ ತುಂಬಾ ಕಾಯಿ, ಕಾಯಿಯ ಮೇಲೆ ಬಿಸಿಲು, ಅದರ ಮುಂದೆ ಗಳ ಎತ್ತಿಕೊಂಡು ನಿಂತ ಅಣ್ಣ. ನೋಡುತ್ತಲೇ ಇದ್ದೆ. ಆಗ ಕಾಲ ಕೆಳಗೆ ಪರ್ ಅಂತ ಸದ್ದಾಯಿತು, ಹೊಸಬಟ್ಟೆ ಹರಿದ ಹಾಗೆ.

ನನ್ನ ತಂತಿ. ಒಳ್ಳೆಯ ತಂತಿ, ನಾನೇ ಆರಿಸಿ ತಂದದ್ದು.

ನೀರು ನುಗ್ಗಿತು, ಡಬ್ಬ ತೇಲಿತು, ನಾವು ತೇಲಲಿಲ್ಲ. ಕಣ್ಣು ಮೂಗಿಗೆಲ್ಲಾ ನೀರು. ಅತ್ತಿಗೆ ನನ್ನ ಅಂಗಿ ಹಿಡಿದಿದ್ದಳು, ನಾನು ಭೂತಮ್ಮನ ಬುಟ್ಟಿ ಹಿಡಿದಿದ್ದೆ, ಬುಟ್ಟಿ ಯಾರನ್ನೂ ಹಿಡಿದಿರಲಿಲ್ಲ. ತೆಪ್ಪದ ಮೇಲೆ ಅಣ್ಣ ಕುಡುಗೋಲು ಎತ್ತಿದ್ದು ಕಂಡಿತು. ಬಲೆಯ ಹಗ್ಗ ಕಡಿದ. ಒಂದು ಕಡೆ, ಇನ್ನೊಂದು ಕಡೆ. ಇಡೀ ಕುಯಿಲಿನ ಕಾಯಿ ಬಿಚ್ಚಿಕೊಂಡು ನಮ್ಮ ಸುತ್ತ ಹರಡಿತು.

"ಕಾಯಿ ತಬ್ಕೊಳಿ! ಗೌರೀ, ಕಾಯಿ ತಬ್ಕೊಳೇ! ಭೂತಮ್ಮಾ!"

ಅವರು ತಬ್ಬಿಕೊಂಡರು. ಕೆಂಚಪ್ಪ ಇಬ್ಬರನ್ನೂ ತೆಪ್ಪದ ಕಡೆ ತಳ್ಳಿದ. ನಾನು ಮಾತ್ರ ಕೈಕಾಲು ಬಡಿಯುತ್ತಿದ್ದೆ. ಆಗ ಆ ದನಿ, ಚಿಕ್ಕಂದಿನಲ್ಲಿ ಮರ ಹತ್ತಿಸಿ ಕೆಳಗೆ ನಿಂತು ಕೂಗುತ್ತಿತ್ತಲ್ಲ, ಅದೇ ದನಿ:

"ಲೇ ಸಣ್ಣಾ! ಒದ್ದಾಡಬ್ಯಾಡ ಕಣ್ಲಾ, ಕಾಲೂರು! ಕೆಳಗೆ ದಾರಿ ಐತೆ!"

ಊರಿದೆ. ಇತ್ತು. ಅಪ್ಪನ ಬಂಡಿ, ಅಜ್ಜನ ಬಂಡಿ ತುಳಿದು ತುಳಿದು ಕಲ್ಲಾದ ನೆಲ. ಗಾಲಿಯ ಗೀರು ಅಂಗಾಲಿಗೆ ಸಿಕ್ಕಿತು. ನೀರು ಎದೆಮಟ್ಟ. ಅಣ್ಣನೂ ಇಳಿದು ಬಂದು ಎದುರಿಗೆ ನಿಂತ. ಇನ್ನೊಂದು ಗೀರಿನಲ್ಲಿ.

ಸುತ್ತ ಕಾಯಿಗಳು ತೇಲುತ್ತಿದ್ದವು. ಗಾಳಿ ನಿಂತಿತ್ತು. ಮರಗಳು ಮತ್ತೆ ನೀರಿನಲ್ಲಿ ಕಂಡವು, ಮರಗಳ ನಡುವೆ ನಾವಿಬ್ಬರು, ನಮ್ಮ ಕೆಳಗೆ ತಲೆಕೆಳಗಾದ ಇನ್ನಿಬ್ಬರು.

ಅತ್ತಿಗೆಯೇ ಮೊದಲು ಬಾಯಿ ಬಿಟ್ಟಳು, ತೆಪ್ಪದ ಮೇಲೆ ಕೂತು ಸೀರೆ ಹಿಂಡುತ್ತಾ, ನನಗೇ ನೇರವಾಗಿ: "ಡಬ್ಬ ಆಕಡೆ ಇಡಿ ಅಂದ್ರೆ ಕೇಳಿದ್ರಾ?"

೬ ನವೆಂಬರ್, ಮಂಗಳವಾರ

ಜ್ವರ. ರಂಗಮ್ಮನ ಮೆಣಸಿನ ಕಷಾಯ. ಅದನ್ನು ಕುಡಿದು ಹುಷಾರಾದವರು ಅದಕ್ಕೆ ಹೆದರಿಯೇ ಹುಷಾರಾಗಿರಬೇಕು.

ಅಣ್ಣನ ಕಾಯಿ ನನ್ನ ತೋಟದ ತುಂಬಾ ತೇಲುತ್ತಿವೆ. ನನ್ನ ಜಾಗದಲ್ಲಿ ಸಿಕ್ಕಿದ್ದು ನನ್ನದು ಅಂತ ಒಂದು ಕೇಸು ಹಾಕಬಹುದು. ಚಿಕ್ಕಣ್ಣನಿಗೆ ಹೇಳಿ ಎಲ್ಲಾ ಆಯಿಸಿ ಬಸ್ ಸ್ಟಾಪಿನ ಹತ್ತಿರ ಗುಡ್ಡೆ ಹಾಕಿಸಿದೆ. ಕೆರೆ ಚೊಕ್ಕಟವಾಗಿರಬೇಕಲ್ಲ, ಪಂಚಾಯ್ತಿ ಕೆಲಸ.

೮ ನವೆಂಬರ್, ಗುರುವಾರ

ತಂತಿ ಕತ್ತರಿಸಿ ತೆಗೆಸಿದೆ. ಕೆಂಚಪ್ಪನ ಹರಿಗೋಲಿನ ಟಾರಿನ ಚೂರು ಅದಕ್ಕೆ ಅಂಟಿಕೊಂಡೇ ಇತ್ತು. ವಕೀಲರಿಗೆ ತಿಳಿಸಲಿಲ್ಲ. ಅವರು ಕೇಳಲೂ ಇಲ್ಲ.

೧೩ ನವೆಂಬರ್, ಮಂಗಳವಾರ

ಕೋರ್ಟು. ಅಣ್ಣನೂ ನಾನೂ ಒಂದೇ ಬಸ್ಸು, ಇರುವುದೇ ಅದೊಂದು. 'ಸದರಿ ಜಾಗದಲ್ಲಿ ದಾರಿ ಇತ್ತೋ ಇಲ್ಲವೋ' ಎಂದು ಕೇಳಿದಾಗ ಇತ್ತು ಅಂದೆ. ಹೇಗೆ ಗೊತ್ತು ಅಂದರು. ನಿಂತಿದ್ದೆ ಅಂದೆ. ವಕೀಲರು ಕನ್ನಡಕ ಒರೆಸಿದರು, ಆಮೇಲೂ ಒರೆಸುತ್ತಲೇ ಇದ್ದರು.

ನಜೀರನ ಅಂಗಡಿಯಲ್ಲಿ ಚಹಾ. ಹಡಗು ಇನ್ನೂ ಬೆಳೆದಿದೆ. ಅಣ್ಣ ಬಾಯಿ ಬಿಟ್ಟುಕೊಂಡು ಕೇಳಿದ.

೧೦ ಡಿಸೆಂಬರ್, ಸೋಮವಾರ

ನೀರು ಪೂರಾ ಇಳಿದಿದೆ. ಹರಿಗೋಲುಗಳು ಲಾರಿ ಹತ್ತಿದವು. ಮರಗಳ ಮೇಲೆ ಆಳೆತ್ತರದಲ್ಲಿ ಮಣ್ಣಿನ ಗೆರೆ. ಅದನ್ನು ನೋಡಿದಾಗಲೆಲ್ಲಾ ತಲೆ ಎತ್ತುತ್ತೇನೆ: ಅಲ್ಲಿ, ಅಷ್ಟು ಮೇಲೆ, ನಾವು ಓಡಾಡಿದೆವು.

ಇವತ್ತು ಕಚೇರಿಗೆ ತಡವಾಯಿತು. ಕಾರಣ ಇಲ್ಲಿ ಬರೆದಿಡುತ್ತೇನೆ, ಹಾಜರಿ ಪುಸ್ತಕದಲ್ಲಿ ಬರೆಯಲಾಗದು. ಸೈಕಲ್ಲಿನಲ್ಲಿ ಆಚೆಹಟ್ಟಿಗೆ ಹೊರಟಿದ್ದೆ. ಬಾಯಿಯ ಹತ್ತಿರ ಎದುರಿಗೆ ಅಣ್ಣನ ಬಂಡಿ, ಕಾಯಿ ತುಂಬಿದ್ದು. ರೋಡಿನ ಲೆಕ್ಕದಲ್ಲಿ ಎಡಕ್ಕೆ ಹೋಗಬೇಕಾದವರು ಇಬ್ಬರೂ ಬಲಕ್ಕೆ ಸರಿದೆವು. ನೀರಿನ ಅಭ್ಯಾಸ. ಆದರೂ ಜಾಗ ಸಾಲಲಿಲ್ಲ.

"ನೀ ಹೋಗ್ಲಾ, ಆಪೀಸಿಗೆ ಹೊತ್ತಾಯ್ತದೆ" ಅಂದ ಅಣ್ಣ.

"ನೀ ಹೋಗಣ್ಣ, ಭಾರ ಐತೆ."

"ಹೋಗ್ಲಾ ಅಂದ್ರೆ."

"ನೀನೇ ಹೋಗು."

ಎತ್ತುಗಳು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿದವು. ಹೀಗಾದರೆ ಜನ ಓಡಾಡುವುದು ಹೇಗೆ? ಇದಕ್ಕೂ ಒಂದು ನಿಯಮ ಬೇಕು, ಬೇಗ ಬರೆಯಬೇಕು. ಕೊನೆಗೆ ಅಣ್ಣ ಹಿಂದೆ ತಿರುಗಿ ಬಂಡಿಯಿಂದ ಎರಡು ಕಾಯಿ ತೆಗೆದು, ನಗದೆ, ಒಂದರ ಕೆಳಗೊಂದು ಹಿಡಿದು ತೋರಿಸಿದ.

ನಿಯಮ ನಿಯಮವೇ. ಸೈಕಲ್ ಎತ್ತಿಕೊಂಡು ಪಕ್ಕಕ್ಕೆ ಇಳಿದೆ. ಕಾಲ ಕೆಳಗೆ ಏನೋ ಲಟಕ್ ಅಂದಿತು. ಸಸಿ ತಾನೇ.